ಓಡಿಸದೆ ಬಿಟ್ಟ ಟೆಸ್ಟ್

2023ರಲ್ಲಿ ನಾನು ಜೆ.ಪಿ. ನಗರದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಕ್ನಿಕಲ್ ಲೀಡ್ ಆಗಿದ್ದೆ. ಈ ಕೆಲಸದಲ್ಲಿ ಹತ್ತೊಂಬತ್ತು ವರ್ಷ ಸವೆಸಿದ್ದೆ; ಇನ್ನು ಕಲಿಯುವುದೇನೂ ಉಳಿದಿಲ್ಲ ಎಂಬ ಕೊಬ್ಬೂ ಸ್ವಲ್ಪ ಇತ್ತು. ಡಯಾಲಿಸಿಸ್ ರೋಗಿಗಳು ಮನೆಯಿಂದಲೇ ಮೆಷಿನ್ ಕಾಯ್ದಿರಿಸುವ ವೆಬ್ ಅಪ್ಲಿಕೇಶನ್ ನಮ್ಮದು.

ಪ್ರೋಗ್ರಾಮಿನಲ್ಲಿ ಒಂದು ಸಾಲು ಬದಲಿಸಿದರೂ ಹಳೆಯದೇನೂ ಕೆಟ್ಟಿಲ್ಲವೆಂದು ಕಂಪ್ಯೂಟರೇ ಪರೀಕ್ಷಿಸಿ ಹೇಳುವುದಕ್ಕೆ ಆಟೊಮೇಟೆಡ್ ಟೆಸ್ಟ್ ಎನ್ನುತ್ತೇವೆ. ಸರಿಯಿದ್ದರೆ ಪರದೆಯ ಮೇಲೆ ಹಸಿರು, ತಪ್ಪಿದ್ದರೆ ಕೆಂಪು, ಓಡಿಸದೆ ಬಿಟ್ಟದ್ದಕ್ಕೆ ಹಳದಿ. ನಮ್ಮ ಟೆಸ್ಟುಗಳು ಮುಗಿಯಲು ನಲವತ್ತೊಂದು ನಿಮಿಷ ಬೇಕಿತ್ತು. ಟೆಸ್ಟ್ ಶುರುಮಾಡಿ, ಸಾರಕ್ಕಿ ಸಿಗ್ನಲ್ ಬಳಿ ಬೈಟು ಕಾಫಿ ಕುಡಿದು, ಹರಟೆ ಹೊಡೆದು ಬಂದರೂ ಮುಗಿದಿರುತ್ತಿರಲಿಲ್ಲ. ಹತ್ತು ನಿಮಿಷದೊಳಗೆ ಇಳಿಸಿ ಎಂದು ಮ್ಯಾನೇಜರ್ ನನಗೆ ಒಂದು ವಾರ ಕೊಟ್ಟರು.

ಟೆಸ್ಟುಗಳನ್ನು ನಾಲ್ಕು ಗುಂಪು ಮಾಡಿ ಏಕಕಾಲಕ್ಕೆ ಓಡಿಸಿದೆ. ಪ್ರತಿ ಟೆಸ್ಟಿಗೂ ಹೊಸದಾಗಿ ಕಟ್ಟುತ್ತಿದ್ದ ಡೇಟಾಬೇಸನ್ನು ಒಮ್ಮೆ ಮಾತ್ರ ಕಟ್ಟಿದೆ. ಹದಿನಾಲ್ಕು ನಿಮಿಷಕ್ಕೆ ಬಂತು. ಅದರಲ್ಲಿ ನಾಲ್ಕೂವರೆ ನಿಮಿಷ ನುಂಗುತ್ತಿದ್ದದ್ದು ಒಂದೇ ಟೆಸ್ಟ್. ನಮ್ಮ ಟೆಸ್ಟ್ ಇಂಜಿನಿಯರ್ ಮಂಜುಳಾ ಬರೆದದ್ದು. ಇಬ್ಬರು ಒಂದೇ ಕ್ಷಣದಲ್ಲಿ ಒಂದೇ ಮೆಷಿನ್ ಕೇಳಿದರೆ ಒಬ್ಬರಿಗೆ ಮಾತ್ರ ಸಿಗುತ್ತದೆಯೇ ಎಂದು ಅದು ನೂರಾರು ಸಲ ನೋಡುತ್ತಿತ್ತು. ಉಳಿದವುಗಳ ಜೊತೆ ಓಡಿಸಿದರೆ ಅದು ಕೆಡುತ್ತಿತ್ತು, ಎಲ್ಲ ಮುಗಿದ ಮೇಲೆ ಒಂಟಿಯಾಗಿ ಓಡಿಸಬೇಕಿತ್ತು. ಶುಕ್ರವಾರ ಬೆಳಿಗ್ಗೆ ಅದನ್ನು ಓಡಿಸದೆ ಬಿಡುವಂತೆ ‘ಸ್ಕಿಪ್’ ಗುರುತು ಹಾಕಿದೆ. ಕಾರಣ ಬರೆಯುವ ಜಾಗದಲ್ಲಿ ‘ಆಮೇಲೆ ನೋಡೋಣ’ ಎಂದು ಬರೆದೆ. ಹಳದಿ ಕಂಡರೆ ಯಾರಾದರೂ ಕೇಳಿಯಾರೆಂದು ವರದಿಯಲ್ಲಿ ಹಳದಿಯೇ ಕಾಣದಂತೆ ಮಾಡಿದೆ. ಈ ಎರಡನೆಯ ಕೆಲಸಕ್ಕೆ ಇವತ್ತಿಗೂ ನನ್ನಲ್ಲಿ ಸಮಜಾಯಿಷಿ ಇಲ್ಲ. ಒಂಬತ್ತೂವರೆ ನಿಮಿಷ! ಎಲ್ಲರೂ ಚಪ್ಪಾಳೆ ತಟ್ಟಿದರು, ಮಂಜುಳಾ ಕೂಡ.

ಮೂರು ವಾರದ ನಂತರ ಬುಕಿಂಗ್ ಭಾಗದಲ್ಲಿ ಸಣ್ಣದೊಂದು ಬದಲಾವಣೆ ಮಾಡಿದೆವು. ಪರದೆ ಪೂರ್ತಿ ಹಸಿರು. ಅದೇ ವಾರ ಬನಶಂಕರಿಯ ಕೇಂದ್ರದಲ್ಲಿ ಒಂದೇ ಮೆಷಿನ್ ಇಬ್ಬರಿಗೆ ಬುಕ್ ಆಯಿತು. ತಲಘಟ್ಟಪುರದಿಂದ ಆಟೊದಲ್ಲಿ ಬಂದಿದ್ದ ಎಪ್ಪತ್ತರ ಹಿರಿಯರೊಬ್ಬರನ್ನು ಜಾಗವಿಲ್ಲವೆಂದು ವಾಪಸು ಕಳಿಸಿದರು. ಮರುದಿನ ಉಸಿರು ಕಟ್ಟಿ ಅವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಅವರ ಮಗಳು ನಮ್ಮ ಆಫೀಸಿಗೆ ಫೋನ್ ಮಾಡಿದಾಗ ಎತ್ತಿದವನು ನಾನೇ.

"ಕನ್ಫರ್ಮ್ ಅಂತ ಮೆಸೇಜ್ ಬಂತಲ್ಲ ಸಾರ್? ಅದನ್ನ ನಂಬ್ಕೊಂಡೇ ಅಪ್ಪನ್ನ ಕರ್ಕೊಂಡ್ ಬಂದಿದ್ದು."

ಮೀಟಿಂಗಿನಲ್ಲಿ ಮ್ಯಾನೇಜರ್ ಮಂಜುಳಾರತ್ತ ತಿರುಗಿದರು. "ಇದಕ್ಕೆ ಟೆಸ್ಟೇ ಇರ್ಲಿಲ್ವಾ?"

"ಇತ್ತು ಸಾರ್. ಎಲ್ಲಿ ಮಿಸ್ ಮಾಡಿದ್ನೋ, ನೋಡ್ತೀನಿ" ಎಂದರು ಆಕೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅಷ್ಟೂ ಮಾಡಲಿಲ್ಲ. ಏನೋ ಬರೆದುಕೊಳ್ಳುವವನಂತೆ ತಲೆ ತಗ್ಗಿಸಿ ಕೂತೆ. ಮಂಜುಳಾ ತಪ್ಪು ತಮ್ಮದೇ ಎಂದುಕೊಂಡು ಊಟ ಬಿಟ್ಟು ಹುಡುಕಿದರು. ನಾನು ಕಾಫಿಗೆ ಹೋಗಿ ಬಂದೆ. ನಾಲ್ಕು ಗಂಟೆಗೆ ಆಕೆ ಲ್ಯಾಪ್‌ಟಾಪ್ ತಂದು ನನ್ನ ಮೇಜಿನ ಮೇಲಿಟ್ಟರು. ಪರದೆಯಲ್ಲಿ ‘ಆಮೇಲೆ ನೋಡೋಣ’, ಪಕ್ಕದಲ್ಲಿ ನನ್ನ ಹೆಸರು.

"ನೀವೇ ಹೇಳ್ಬಿಡಿ ಸಾರ್. ನಾನ್ ಹೇಳಿದ್ರೆ ಚಾಡಿ ಹೇಳ್ದಂಗಾಗತ್ತೆ."

ಮ್ಯಾನೇಜರಿಗೆ ಹೇಳಿದೆ, ಹಳದಿ ಮುಚ್ಚಿಟ್ಟದ್ದನ್ನೂ ಸೇರಿಸಿ. ಬೈಗುಳಕ್ಕಿಂತ ಹೆಚ್ಚು ನೋಯಿಸಿದ್ದು ಮಂಜುಳಾರ ಹಸಿದ ಮುಖ. ಆ ಟೆಸ್ಟನ್ನು ಬೇರೆ ಕಂಪ್ಯೂಟರಿನಲ್ಲಿ, ಉಳಿದವು ಓಡುವ ಹೊತ್ತಿಗೇ ಓಡುವಂತೆ ಮಾಡಿದೆ. ಒಟ್ಟು ಸಮಯ ಒಂದು ನಿಮಿಷವೂ ಏರಲಿಲ್ಲ. ಆ ಕೆಲಸಕ್ಕೆ ಹಿಡಿದದ್ದು ಅರ್ಧ ದಿನ, ಅಷ್ಟೇ.

ಹಿರಿಯರು ಚೇತರಿಸಿಕೊಂಡರು. ಕ್ಷಮೆ ಕೇಳಲು ಹೋದಾಗ ಮಗಳು, "ಆಯ್ತು ಬಿಡಿ ಸಾರ್" ಎಂದರು. ಟೆಸ್ಟ್ ಬೇಗ ಓಡಬೇಕು ನಿಜ. ಓಡಿಸದೆ ಬಿಟ್ಟದ್ದು ಬಿಟ್ಟದ್ದೆಂದೇ ನಾಲ್ಕು ಜನಕ್ಕೆ ಕಾಣಲೂಬೇಕು. ಕೆಲಸ ನನಗೆ ಕಲಿಸಿದ ಪಾಠ ಇದು, ಕಲಿತದ್ದು ಬೇರೆಯವರ ಮೈಮೇಲೆ. ಈಗ ನಮ್ಮ ಪರದೆಯ ಹಸಿರು ನಿಜವಾದ ಹಸಿರೇ. ಆದರೂ ಕನ್ಫರ್ಮ್ ಮೆಸೇಜ್ ಬಂದ ಮೇಲೂ ಆ ಹಿರಿಯರ ಮಗಳು ಪ್ರತಿ ಸಲ ಮನೆ ಬಿಡುವ ಮುಂಚೆ ಕೇಂದ್ರಕ್ಕೆ ಫೋನ್ ಮಾಡಿ, "ಮೆಷಿನ್ ಇದೆ ಅಲ್ವಾ?" ಎಂದು ಕೇಳುತ್ತಾರಂತೆ.