ಬಿಚ್ಚಿಟ್ಟ ಸೀಟು

ಮಂಡಿಪೇಟೆಯ ಮೆಕ್ಯಾನಿಕ್ ಮೇಸ್ತ್ರಿಗಳು ಕಾರಿನ ಯಾವ ಭಾಗ ಮುಟ್ಟಿದರೂ ಕೇಳುತ್ತಿದ್ದದ್ದು ಒಂದೇ: "ಇದಿಲ್ದಿದ್ರೆ ಗಾಡಿ ಓಡಲ್ಲೇನ್ರಿ?" ಓಡುತ್ತದೆ ಎಂದರೆ ಅದನ್ನು ಬಿಚ್ಚುತ್ತಿದ್ದರು. ನನ್ನ ಗಂಡನಿಗೆ ಮದ್ರಾಸಿನ ರೇಸಿನಲ್ಲಿ ಓಡಿಸುವ ಆಸೆ ಹುಟ್ಟಿದಾಗ ಭಾರ ಇಳಿಸಲೆಂದು ನಮ್ಮ ಎರಡು ಸೀಟಿನ ಸ್ಪೋರ್ಟ್ಸ್ ಕಾರಿನಿಂದ ಬಂಪರು, ಕಿಟಕಿ ಗಾಜು, ನೆಲಹಾಸು ಎಲ್ಲ ಹೋದವು. ಬಿಚ್ಚಿದ್ದನ್ನು ಅದರದೇ ಬೋಲ್ಟುಗಳ ಜೊತೆ ಬಟ್ಟೆಯಲ್ಲಿ ಕಟ್ಟಿ ಗೋಡೆಗೆ ತೂಗುಹಾಕುತ್ತಿದ್ದರು. ಇಂಜಿನ್ನಿಗೆ ಮಾತ್ರ, ಪೆಟ್ರೋಲು ಹೆಚ್ಚು ಎಳೆದು ಜೋರು ಓಡಲೆಂದು, ಇನ್ನೊಂದು ಕಾರ್ಬೊರೇಟರ್ ಕೂಡಿಸಿದರು. ಕೊನೆಗೆ ನನ್ನ ಸೀಟಿಗೂ ಸ್ಪ್ಯಾನರ್ ಹಾಕಿದರು.

"ನಾನೆಲ್ಲಿ ಕೂಡ್ರಲಿ?" ಎಂದೆ.

"ಮನ್ಯಾಗ ಕೂಡ್ರಿ, ಅಕ್ಕಾರೆ."

ಆಮೇಲೆ ನನ್ನ ಗಂಡ ದಿನಾ ಹರಿಹರದವರೆಗೆ ಒಬ್ಬರೇ ಓಡಿಸಿ, ಮುಖವೆಲ್ಲ ಧೂಳಾಗಿ, ನಗುತ್ತ ಬರುತ್ತಿದ್ದರು. ಹೇಗಿರುತ್ತದೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ.

ರೇಸಿಗೆ ಮೊದಲೇ ಅವರು ಜ್ವರದಲ್ಲಿ ತೀರಿಕೊಂಡರು. ಕಾರು ಕೊಳ್ಳಲು ಬಂದ ಡಾಕ್ಟರಿಗೆ ರೇಸಿನದಲ್ಲ, ಮೊದಲಿನಂಥ ಗಾಡಿ ಬೇಕಿತ್ತು. ಮೇಸ್ತ್ರಿಗಳು ಗೋಡೆಯ ಗಂಟುಗಳನ್ನೆಲ್ಲ ಇಳಿಸಿ, ಒಂದೊಂದಾಗಿ ಕೂಡಿಸಿ, ಕಾರನ್ನು ನಮ್ಮ ಮನೆ ಮುಂದೆ ತಂದು ನಿಲ್ಲಿಸಿದರು.

"ಇಂಜಿನ್ ಮುಟ್ಟಿಲ್ರಿ, ಇನ್ನೂ ರೇಸಿಂದೇ ಐತೆ. ಆ ಕಾರ್ಬೊರೇಟರ್ ನಾಳೆ ಬಿಚ್ತೀನಿ. ಇವತ್ತೊಂದು ಸಲ ಕೂಡ್ರಿ," ಎಂದು ಕೈಯನ್ನು ಲುಂಗಿಗೆ ಒರೆಸಿಕೊಂಡು ನನ್ನ ಕಡೆಯ ಬಾಗಿಲು ತೆರೆದರು.

ಹರಿಹರದ ರಸ್ತೆಯಲ್ಲಿ ಮೇಸ್ತ್ರಿಗಳು ಓಡಿಸುವಾಗ ಎರಡೂ ಕೈಯಿಂದ ಸೀಟು ಹಿಡಿದುಕೊಂಡೆ.

"ಅವರೂ ಇಷ್ಟೇ ಜೋರು ಹೋಗ್ತಿದ್ರಾ?"

"ಇಲ್ರಿ, ಇನ್ನೂ ಜೋರು. ಈಗ ಬಂಪರು, ಗಾಜು, ನೀವು, ಎಲ್ಲಾ ಭಾರ ಐತಲ್ರಿ."

"ಹಂಗಾದ್ರೆ ಇನ್ನೊಂಚೂರು ಒತ್ರಿ," ಎಂದೆ.