ಮೂಗಿಗೆ ಸಿಕ್ಕಿಸಿದ ಸೇವಂತಿಗೆ

ಜೀನ್ಸ್ ಹೊಲಿಯುವ ಕೆಲಸಕ್ಕೆಂದು ಮಡಕಶಿರಾ ಕಡೆಯ ಜನ ರಾಯದುರ್ಗಕ್ಕೆ ಬರತೊಡಗಿದ ವರ್ಷಗಳಲ್ಲಿ ಅಮ್ಮನೂ ನನ್ನನ್ನು ಕಟ್ಟಿಕೊಂಡು ಬಂದಳು. ಕಾಲೇಜು ಸೇರಿದ ಮೇಲೆ ನಾನು ಭಾನುವಾರಗಳಲ್ಲಿ ಊರಾಚೆಯ ಬಯಲಿನಲ್ಲಿದ್ದ ಗ್ಲೈಡಿಂಗ್ ಕ್ಲಬ್ಬಿಗೆ ಹೋಗುತ್ತಿದ್ದೆ. ಎಂಜಿನ್ ಇಲ್ಲದ ವಿಮಾನವೆಂದರೆ ಅಮ್ಮನಿಗೆ ನಂಬಿಕೆಯೇ ಇರಲಿಲ್ಲ. "ಎತ್ತಿಲ್ದ ಗಾಡಿ ಹತ್ತೋಳು ನೀನೊಬ್ಳೇ ಕಣೇ" ಎನ್ನುತ್ತಿದ್ದಳು. ಕಡೆಗೆ ಒಂದು ಒಪ್ಪಂದವಾಯಿತು. ಕ್ಲಬ್ಬಿನ ತರಬೇತಿ ಶಿಬಿರದ ಕೊನೆಯ ದಿನ ಒಬ್ಬಳೇ ಹಾರಿ ಇಳಿದು ಪಾಸಾದರೆ ಮುಂದಿನ ತರಬೇತಿಗೆ ಬೇರೆ ಊರಿಗೆ ಹೋಗಬಹುದು. ಇಲ್ಲವಾದರೆ ಸೋಮವಾರದಿಂದ ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ಅವಳ ಪಕ್ಕದ ಮೆಷಿನ್ನು.

ಆ ದಿನ ಅಮ್ಮ ರಜೆ ಹಾಕಿ ಜೊತೆಗೆ ಬಂದಳು. ಗ್ಲೈಡಿಂಗ್ ಎಂದರೆ ಹಾರುವುದು ಐದು ನಿಮಿಷ, ತಳ್ಳುವುದು ಇಡೀ ದಿನ. ಬೆಳಿಗ್ಗೆಯಿಂದ ನಾವೆಲ್ಲ ಗ್ಲೈಡರನ್ನು ತಳ್ಳಿದೆವು, ಬೇರೆಯವರು ಹಾರುವಾಗ ರೆಕ್ಕೆಯ ತುದಿ ಹಿಡಿದು ಓಡಿದೆವು. ಬಯಲಿನ ಆ ತುದಿಯಲ್ಲಿದ್ದ ವಿಂಚು ಉಕ್ಕಿನ ಹಗ್ಗ ಸುತ್ತಿಕೊಳ್ಳುತ್ತ ಗ್ಲೈಡರನ್ನು ಗಾಳಿಪಟದ ಹಾಗೆ ಮೇಲೆಳೆಯುತ್ತಿತ್ತು. ಅಮ್ಮ ಬೇಲಿಯ ಹತ್ತಿರ ನಿಂತೇ ಇದ್ದಳು, ಕೂರಲಿಲ್ಲ.

ನನ್ನ ಸರದಿ ಬಂತು. ಎರಡು ಸಲ ಜೊತೆಗೆ ಹಾರಿದ ಮೇಲೆ, ಕಲಿಸುವ ಸಾರ್ ಹಿಂದಿನ ಸೀಟಿನಿಂದ ಇಳಿದು ಖಾಲಿ ಬೆಲ್ಟು ಬಿಗಿದರು.

"ನಾನಿಲ್ಲದ್ದಕ್ಕ ಹಗುರಾಗಿ ಏಳ್ತೈತಿ. ಹೆದರಬ್ಯಾಡ" ಎಂದು ನನಗೆ ಹೇಳಿ ವಿಂಚಿನವನಿಗೆ ಫೋನ್ ಮಾಡಲು ಹೋದರು. ಅಷ್ಟರಲ್ಲಿ ಅಮ್ಮ ಸರಸರ ಬಂದು ಗ್ಲೈಡರಿನ ಮುಂದೆ ಬಗ್ಗಿದಳು. ಕುಂಕುಮ ಹಚ್ಚುತ್ತಿದ್ದಾಳೆ ಎಂದುಕೊಂಡೆ. ಜೊತೆಯವರು ನಗುತ್ತಿದ್ದರು. ನಾಚಿಕೆಯಿಂದ ನನಗೆ ಯಾವಾಗ ಮೇಲೆದ್ದು ಹೋದೇನೋ ಅನ್ನಿಸಿತ್ತು. ಗಾಜಿನ ಮುಚ್ಚಳ ಎಳೆದುಕೊಂಡು ಸಿದ್ಧವೆಂದು ಹೆಬ್ಬೆರಳು ತೋರಿಸಿಯೇಬಿಟ್ಟೆ.

ಗ್ಲೈಡರಿನ ಮೂಗಿನಲ್ಲಿ ಒಂದು ಸಣ್ಣ ತೂತಿರುತ್ತದೆ. ಅದರೊಳಗೆ ನುಗ್ಗುವ ಗಾಳಿಯಿಂದಲೇ ವೇಗ ತೋರಿಸುವ ಮುಳ್ಳು ಏಳಬೇಕು. ನೆಲ ಬಿಟ್ಟೆ, ಹೊಲಗಳು ಕೆಳಗಿಳಿದವು, ಮುಳ್ಳು ಮಾತ್ರ ಸೊನ್ನೆಯಲ್ಲೇ ಮಲಗಿತ್ತು. ವೇಗ ತೀರ ತಗ್ಗಿದರೆ ರೆಕ್ಕೆ ಗಾಳಿಯ ಹಿಡಿತ ತಪ್ಪಿ ಗ್ಲೈಡರು ಬೀಳುತ್ತದೆ. ಹಿಂದೆ ಎರಡು ಭಾನುವಾರ ಸಾರ್ ಆ ಮುಳ್ಳಿನ ಮೇಲೆ ಕಾಗದ ಅಂಟಿಸಿ ನನ್ನನ್ನು ಹಾರಿಸಿದ್ದರು, ಆಗ ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಈಗ ಹಗ್ಗ ಬಿಡಿಸಿ ಗಾಳಿಯ ಸದ್ದಿಗೆ ಕಿವಿ ಕೊಟ್ಟೆ. ಹೊಲಿಗೆ ಮೆಷಿನ್ನು ಎಷ್ಟು ಜೋರಾಗಿ ಓಡುತ್ತಿದೆಯೆಂದು ನೋಡದೆಯೇ ಹೇಳುವವರ ಮನೆಯ ಹುಡುಗಿ ನಾನು. ಸದ್ದು ತೆಳುವಾದಾಗ ಮೂಗು ತಗ್ಗಿಸಿದೆ, ಹೆಚ್ಚಾದಾಗ ಎತ್ತಿದೆ. ಒಂದು ಸುತ್ತು ಬಂದು, ಎರಡು ಸಲ ಪುಟಿದು ಇಳಿದೆ.

ಸಾರ್ ಮೂಗಿನ ತೂತಿನಿಂದ ಒಂದು ಹಸಿರು ಕಡ್ಡಿಯನ್ನು ಉಗುರಿನಲ್ಲಿ ಎಳೆದರು. ಸೇವಂತಿಗೆಯ ತೊಟ್ಟು. "ಯಾರಿಟ್ಟಾರಿದು?"

ಅಮ್ಮನ ಹೆಸರು ಹೇಳಲು ಮನಸ್ಸಾಗಲಿಲ್ಲ, ನನ್ನ ತಲೆಗೆ ಕಟ್ಟಿಕೊಂಡರೆ ಫೇಲು. ಅಮ್ಮನೇ ಮುಂದೆ ಬಂದಳು. "ನಾನೇ ಇಟ್ಟಿದ್ದು ಸಾರ್, ಅವಳಿಗೆ ಗೊತ್ತಿಲ್ಲ."

"ಮಗಳು ಸಾಯ್ತಿದ್ಲಲ್ರೀ ಅಮ್ಮಾ" ಎಂದರು ಸಾರ್. ಆಮೇಲೆ ನನ್ನ ಕಡೆ ತಿರುಗಿ, "ಮುಳ್ಳು ಏಳ್ದಿದ್ದಾಗ ಏನ್ ಮಾಡ್ದಿ?" ಎಂದರು.

"ಸದ್ದು ಕೇಳ್ದೆ ಸಾರ್."

ಹಾರುವ ಮುಂಚೆ ಗ್ಲೈಡರಿನ ಮೂಗು ನೋಡಲಿಲ್ಲವೆಂದು ನನ್ನನ್ನು ಎಲ್ಲರೆದುರು ಚೆನ್ನಾಗಿ ಬೈದರು. ಬೈದು ಮುಗಿಸಿ ಪುಸ್ತಕದಲ್ಲಿ ಪಾಸೆಂದು ಬರೆದು ಸಹಿ ಹಾಕಿದರು.

ರಸ್ತೆಯಲ್ಲಿ ಆಟೋ ಕಾಯುತ್ತ ನಿಂತೆವು.

"ಊರಲ್ಲಿ ದೇವ್ರ ಮೇಲೆ ಹೂ ಇಟ್ಟು ಕೇಳ್ತೀವಲ್ಲ, ಹಂಗೇ ಕೇಳಿದ್ದೆ" ಎಂದಳು ಅಮ್ಮ. "ಹೂ ಬಿದ್ರೆ ಕಳಿಸ್ತೀನಿ, ಬೀಳ್ದಿದ್ರೆ ನನ್ ಜೊತೇಲೇ ಇರ್ಲಿ ಅಂತ. ಬೀಳಬಾರ್ದು ಅಂತ್ಲೇ ತೊಟ್ಟು ಒತ್ತಿ ಸಿಕ್ಕಿಸ್ದೆ."

ನನಗೆ ಸಿಟ್ಟು ಬಂತು, ಹಿಂದೆಯೇ ಅಳುವೂ ಬಂತು. "ತೊಟ್ಟು ಬಿದ್ದಿರ್ಲಿಲ್ವಲ್ಲಮ್ಮ" ಎಂದೆ.

ಅಮ್ಮ ರಸ್ತೆಯನ್ನೇ ನೋಡುತ್ತಿದ್ದಳು. "ಹೂವೆಲ್ಲ ಉದುರೋಗಿತ್ತು ಕಣೇ. ತೊಟ್ಟನ್ನ ಯಾರಾದ್ರೂ ಹೂ ಅಂತಾರಾ? ಹೋಗ್ಬಾ" ಎಂದಳು.