ಗಾಳಿ ಎಳಿಯೋ ಕೋಲು

ಬರ್ರಿ, ಕಾಲು ಚಾಚಿ ಕುಂದರ್ರಿ, ಒಂದು ಮಾತು ಹೇಳ್ತೇನಿ.

ನಮ್ಮನಿಯವರು ಬಡಿಗೇರು, ಗಾಡಿ-ನೇಗಿಲ ಮಾಡೋರು. ಮಾಸೂರ ಕೆರಿಯಾಗ ಹಾಯಿದೋಣಿ ಬಿಡೋ ಸಾಹೇಬ ಒಬ್ಬ ಮುರಿದ ಕೋಲು ಹೊತ್ತು ಬಂದ. ಹಾಯಿಬಟ್ಟಿ ಕೆಳಗ ಅಡ್ಡ ಕಟ್ಟೋದಂತ ಅದು.

"ಎಷ್ಟು ಎತ್ತು ಎಳೀತಾವ?" ಅಂದ್ರು ಇವರು.

"ಎತ್ತಲ್ರಿ ಅಜ್ಜಾರ, ಗಾಳಿ. ನಾಡದು ಪಂದ್ಯ ಐತಿ, ಮತ್ತ ಮುರಿದ್ರ ನನ್ನ ಕತಿ ಮುಗೀತು."

ಸಾಗವಾನಿ ಕೆತ್ತಿ ಹೊಸಾದು ಮಾಡಿದ್ರು. "ಎಳಿಯೋದು ನೋಡದ ನಾ ಯಾವುದನ್ನೂ ಕೊಟ್ಟಿಲ್ಲ" ಅಂತ ತಾವೂ ದೋಣಿ ಹತ್ತಿದ್ರು. ನಾ ದಂಡಿ ಮ್ಯಾಲ ನಿಂತಿದ್ದೆ. ಗಾಳಿ ತಿರುಗಿತು, ಕೋಲು ಸರಕ್ಕನ ಬೀಸಿ ಇವರ ತಲಿಗೇ ಬಡೀತು. ರುಮಾಲು ನೀರಿಗೆ ಬಿತ್ತು. ಸಾಹೇಬ "ಬಗ್ಗರಿ!" ಅಂದದ್ದು ಆಮ್ಯಾಲ.

ಇವರು ತಲಿ ಬಿಟ್ಟು ಕೋಲು ತಡವಿ ನೋಡಿ, "ಒಂದು ಬಿರುಕಿಲ್ಲ, ಒಯ್ಯಪಾ" ಅಂದ್ರು.

ಪಂದ್ಯದಾಗ ಸಾಹೇಬ ಸೋತ, ಕೋಲು ಗಟ್ಟಿ ಉಳೀತು. ಇವರ ತಲಿ ಬಾವು ಎಂಟು ದಿನಕ್ಕ ಇಳೀತು. ರುಮಾಲು ಮೀನಿನ ಪಾಲಾತು. ಮುರಿದ ಹಳೇ ಕೋಲಿನ ಮ್ಯಾಲ ಈಗ ನನ್ನ ಸೀರಿ ಒಣಗತಾವ; ಗಾಳಿ ಬಂದ್ರ ನಾ ಮೊದಲ ಬಗ್ಗತೇನಿ.